ಕಣ್ಣು ಮಂಜಾದ ತಂದೆಗೆ ಮಾತನಾಡುವ ಪ್ಲೇಯರ್: ರಾಕ್‌ಬಾಕ್ಸ್ ಹಾಕುವುದು ಹೇಗೆ?

ಪ್ರಶ್ನೆ (ಚಿತ್ರದುರ್ಗದಿಂದ): ನಮಸ್ಕಾರ ಸರ್. ಗ್ಲಾಕೋಮಾದಿಂದ ನಮ್ಮ ತಂದೆಯವರ ದೃಷ್ಟಿ ಬಹುತೇಕ ಹೋಗಿದೆ. ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ವಚನ, ತತ್ವಪದ, ಪ್ರವಚನಗಳೇ ಅವರಿಗೆ ದಿನವಿಡೀ ಜೊತೆ. ಟಚ್ ಮೊಬೈಲ್ ಅವರ ಕೈಗೆ ಒಗ್ಗಲಿಲ್ಲ. ಮನೆಯಲ್ಲಿ ಸ್ಯಾನ್‌ಡಿಸ್ಕ್ ಕ್ಲಿಪ್ ಪ್ಲಸ್ ಎಂಬ ಪುಟ್ಟ ಎಂಪಿ3 ಪ್ಲೇಯರ್ ಇದೆ. ಅದಕ್ಕೆ ರಾಕ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿದರೆ ಮೆನು ಮಾತನಾಡುತ್ತದೆ ಎಂದು ಕೇಳಿದೆ, ನಿಜವೇ? ಹಾಕಲು ಹೋಗಿ ಇರುವುದೂ ಕೆಟ್ಟರೆ ಏನು ಗತಿ? 64 ಜಿಬಿಯ ಕಾರ್ಡನ್ನೂ ತಂದಿದ್ದೇನೆ.

ಉತ್ತರ (ದಾವಣಗೆರೆಯಿಂದ, ರಿಪೇರಿ ಅಂಗಡಿಯವರು): ನಿಜ ಸರ್, ಮಾತನಾಡುತ್ತದೆ. ಧೈರ್ಯವಾಗಿ ಹಾಕಿ. ಕಂಪನಿಯ ಮೂಲ ಫರ್ಮ್‌ವೇರ್ (ಪ್ಲೇಯರನ್ನು ನಡೆಸುವ ಒಳಗಿನ ತಂತ್ರಾಂಶ) ಎಲ್ಲಿಯೂ ಹೋಗುವುದಿಲ್ಲ. ಎಡಗಡೆಯ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಅದೇ ತೆರೆದುಕೊಳ್ಳುತ್ತದೆ. ಸ್ವೀಡನ್ನಿನ ಕೆಲವರು 2001ರಲ್ಲಿ ಆರ್ಕೋಸ್ ಪ್ಲೇಯರಿಗಾಗಿ ಶುರು ಮಾಡಿದ ಕೆಲಸ ಇದು. ಇಂದಿಗೂ ಉಚಿತ.

ಹೆಚ್ಚಿನವರು ಎಡವುವುದು ಕಾರ್ಡಿನಲ್ಲಿ. 64 ಜಿಬಿ ಕಾರ್ಡ್ ಅಂಗಡಿಯಿಂದ ಬರುವಾಗ ಎಕ್ಸ್‌ಫ್ಯಾಟ್ ಎಂಬ ಕಡತ ಜೋಡಣೆಯ ಮಾದರಿಯಲ್ಲಿರುತ್ತದೆ, ರಾಕ್‌ಬಾಕ್ಸ್ ಅದನ್ನು ಓದುವುದಿಲ್ಲ. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ ಇಷ್ಟು ದೊಡ್ಡ ಕಾರ್ಡಿಗೆ ಆ ಆಯ್ಕೆ ಕಾಣದಿದ್ದರೆ ಬೇರೆ ಫಾರ್ಮ್ಯಾಟ್ ತಂತ್ರಾಂಶ ಬಳಸಿ. ಕಾರ್ಡಿನಲ್ಲಿ ಈಗಾಗಲೇ ಏನಾದರೂ ತುಂಬಿದ್ದರೆ ಮೊದಲು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಕ್ಯಾಸೆಟ್‌ನಿಂದ ಇಳಿಸಿದ್ದು ಮತ್ತೆ ಸಿಗುವ ಮಾತಲ್ಲ.

ಆಮೇಲೆ ಪ್ಲೇಯರಿನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಮೋಡನ್ನು ಎಂಎಸ್‌ಸಿಗೆ (ಪ್ಲೇಯರ್ ಪೆನ್‌ಡ್ರೈವಿನಂತೆ ಕಾಣುವ ಮೋಡ್) ಬದಲಿಸಿ, ಪೂರ್ತಿ ಚಾರ್ಜ್ ಮಾಡಿ, ಕಂಪ್ಯೂಟರಿಗೆ ಜೋಡಿಸಿ. ರಾಕ್‌ಬಾಕ್ಸ್ ಯುಟಿಲಿಟಿ ಎಂಬ ತಂತ್ರಾಂಶ ಉಳಿದದ್ದನ್ನು ನೋಡಿಕೊಳ್ಳುತ್ತದೆ. ನಡುವೆ ಅದು ಮೂಲ ಫರ್ಮ್‌ವೇರ್ ಕಡತವನ್ನು ಕೇಳುತ್ತದೆ. ಕ್ಲಿಪ್ ಪ್ಲಸ್‌ನದ್ದನ್ನೇ ಕೊಡಬೇಕು, ಬರೀ ಕ್ಲಿಪ್‌ನದ್ದಲ್ಲ. ಮೆನುವನ್ನು ಓದಿ ಹೇಳುವ ವಾಯ್ಸ್ ಕಡತವನ್ನೂ ಆರಿಸಲು ಮರೆಯಬೇಡಿ, ನಿಮ್ಮ ಕೆಲಸವೆಲ್ಲ ನಿಂತಿರುವುದು ಅದರ ಮೇಲೆ.

ಕನ್ನಡ ಲಿಪಿಯಲ್ಲಿ ಹೆಸರಿಟ್ಟ ಹಾಡುಗಳು ಆ ಪುಟ್ಟ ಪರದೆಯಲ್ಲಿ ಸರಿಯಾಗಿ ಮೂಡುವುದಿಲ್ಲ, ಒತ್ತಕ್ಷರ ಕೂಡುವುದಿಲ್ಲ. ನಿಮ್ಮ ತಂದೆಯವರಿಗೆ ಪರದೆಯ ಹಂಗೇ ಇಲ್ಲವಲ್ಲ. ಫೋಲ್ಡರುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ: 1 ವಚನ, 2 ತತ್ವಪದ, 3 ಪ್ರವಚನ. ವಾಯ್ಸ್ ಸೆಟ್ಟಿಂಗ್‌ನಲ್ಲಿ ಫೋಲ್ಡರನ್ನು ಸಂಖ್ಯೆಯಿಂದ ಹೇಳುವ ಆಯ್ಕೆ ಇದೆ. ಹೇಳುವುದು ಇಂಗ್ಲಿಷಿನಲ್ಲಿ, ಆದರೆ ಒನ್, ಟೂ, ತ್ರೀ ಯಾರಿಗೆ ಗೊತ್ತಿಲ್ಲ? ಸುತ್ತ ನಾಲ್ಕು ದಿಕ್ಕಿನ ಬಟನ್, ನಡುವೆ ಒಂದು. ಎಲ್ಲವೂ ಹೆಬ್ಬೆರಳಿಗೆ ಸಿಗುತ್ತವೆ. ಅವರ ಬೆರಳನ್ನು ಹಿಡಿದು ಒಂದೆರಡು ಸಲ ತೋರಿಸಿದರೆ ಸಾಕು.

ಮತ್ತೊಬ್ಬರ ಪ್ರಶ್ನೆ (ದಾವಣಗೆರೆಯಿಂದ): ನನ್ನದು ಹಳೆಯ ಐಪಾಡ್ ಕ್ಲಾಸಿಕ್, ಮ್ಯಾಕ್‌ನಲ್ಲಿ ಬಳಸುತ್ತಿದ್ದೆ. ಇದಕ್ಕೂ ಆಗುತ್ತದೆಯೇ?

ಉತ್ತರ: ಆಗುತ್ತದೆ. ಮೊದಲು ವಿಂಡೋಸ್ ಕಂಪ್ಯೂಟರಿನಲ್ಲಿ ಐಟ್ಯೂನ್ಸ್ ಮೂಲಕ ರಿಸ್ಟೋರ್ ಮಾಡಿ, ಆಗ ಅದು ಫ್ಯಾಟ್32 ಆಗುತ್ತದೆ. ಹಾಡೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ರಾಕ್‌ಬಾಕ್ಸ್ ಹಾಕಿದರೆ ಹಾಡು ತುಂಬಲು ಐಟ್ಯೂನ್ಸ್ ಬೇಡವೇ ಬೇಡ, ಪೆನ್‌ಡ್ರೈವಿಗೆ ಹಾಕಿದಂತೆ ಹಾಕಿದರಾಯಿತು. ಫ್ಲ್ಯಾಕ್ (ಗುಣಮಟ್ಟ ಕುಗ್ಗಿಸದ ಹಾಡಿನ ಮಾದರಿ) ಕಡತಗಳೂ ನುಡಿಯುತ್ತವೆ.

ಚಿತ್ರದುರ್ಗದವರು, ಮೂರು ದಿನಗಳ ನಂತರ: ಸರ್, ಆಯಿತು! ಇಂದು ಬೆಳಗ್ಗೆ ಅಪ್ಪ ಜಗಲಿಯಲ್ಲಿ ಕುಳಿತು, ಯಾರನ್ನೂ ಕರೆಯದೆ, ತಾವೇ ಮೂರನೆಯ ಫೋಲ್ಡರ್ ತೆರೆದರು. ಒಂದೇ ತೊಂದರೆ: ಒಂದೂವರೆ ಗಂಟೆಯ ಪ್ರವಚನ ಕೇಳುತ್ತಾ ನಡುವೆ ನಿಲ್ಲಿಸಿ ತತ್ವಪದಕ್ಕೆ ಹೋಗಿ ಬಂದರೆ, ಪ್ರವಚನ ಮತ್ತೆ ಮೊದಲಿನಿಂದಲೇ.

ಉತ್ತರ: ಬಹಳ ಸಂತೋಷ ಸರ್. ಜನರಲ್ ಸೆಟ್ಟಿಂಗ್ಸ್‌ನ ಬುಕ್‌ಮಾರ್ಕಿಂಗ್‌ಗೆ ಹೋಗಿ, ‘ಬುಕ್‌ಮಾರ್ಕ್ ಆನ್ ಸ್ಟಾಪ್’ ಮತ್ತು ‘ಲೋಡ್ ಲಾಸ್ಟ್ ಬುಕ್‌ಮಾರ್ಕ್’ ಎರಡಕ್ಕೂ ‘ಯೆಸ್’ ಕೊಡಿ. ಒಂದೊಂದು ಪ್ರವಚನ ಮಾಲೆಗೂ ಬೇರೆ ಬೇರೆ ಫೋಲ್ಡರ್ ಮಾಡಿ. ಗುರುತು ಫೋಲ್ಡರಿಗೊಂದರಂತೆ ಉಳಿಯುತ್ತದೆ.