ಪಂಪ್ ರೂಮಿನ ನಂಬರ್ ಲಾಕ್‌ನ ಸಂಖ್ಯೆ ಬದಲಿಸುವುದು ಹೇಗೆ?

ಮುಲುಂಡ್ ನಿವಾಸಿ:
ಮಾನ್ಯರೇ, ಮುಲುಂಡ್ ಪಶ್ಚಿಮದ ನಮ್ಮ ಹೌಸಿಂಗ್ ಸೊಸೈಟಿಯ ಪಂಪ್ ರೂಮಿಗೆ ನಾಲ್ಕು ಅಂಕಿಗಳ ನಂಬರ್ ಲಾಕ್ ಇದೆ. ಮಹಾನಗರಪಾಲಿಕೆಯ ನೀರು ಬರುವ ಹೊತ್ತಿಗೆ ಯಾವ ಪಾಳಿಯ ವಾಚ್‌ಮನ್ ಇದ್ದರೂ ಒಳಗೆ ಹೋಗಿ ಪಂಪ್ ಹಾಕಬೇಕಾದ್ದರಿಂದ, ಕೀಲಿಕೈಗಿಂತ ಇದೇ ಅನುಕೂಲವೆಂದು ಹಿಂದಿನ ಕಮಿಟಿ ತೀರ್ಮಾನಿಸಿತ್ತು. ಆದರೆ ವರ್ಷಗಳಿಂದ ಒಂದೇ ಸಂಖ್ಯೆ ಇರುವುದರಿಂದ ಅದು ಕೆಲಸ ಬಿಟ್ಟ ವಾಚ್‌ಮನ್‌ಗಳಿಗೂ, ಟ್ಯಾಂಕ್ ತೊಳೆಯುವವರಿಗೂ, ಮನೆ ಖಾಲಿ ಮಾಡಿ ಹೋದ ಬಾಡಿಗೆದಾರರಿಗೂ ಗೊತ್ತಾಗಿದೆ. ಸಾಲದ್ದಕ್ಕೆ ಮೀಟರ್ ಬೋರ್ಡಿನ ಪಕ್ಕದ ಗೋಡೆಯ ಮೇಲೆ ಯಾರೋ ಅದನ್ನು ಪೆನ್ಸಿಲಿನಲ್ಲಿ ಬರೆದೂ ಇಟ್ಟಿದ್ದಾರೆ. ಬೀಗದ ಜೊತೆ ಬಂದ ಚೀಟಿ ಸಿಗುತ್ತಿಲ್ಲ. ಬದಿಯಲ್ಲಾಗಲಿ ತಳದಲ್ಲಾಗಲಿ ತೂತು, ಗುಂಡಿ ಯಾವುದೂ ಕಾಣುವುದಿಲ್ಲ. ತೆರೆದಾಗ ಕೊಂಡಿ ಮಾತ್ರ ಸುತ್ತಲೂ ತಿರುಗುತ್ತದೆ. ಇದರ ಸಂಖ್ಯೆಯನ್ನು ಬದಲಿಸಬಹುದೇ?

ಡೊಂಬಿವಲಿಯ ಹಾರ್ಡ್‌ವೇರ್ ಅಂಗಡಿಯವರು:
ನಮಸ್ಕಾರ. ಕೆಲವು ಅಗ್ಗದ ಬೀಗಗಳಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ ಸಂಖ್ಯೆಯನ್ನು ಬದಲಿಸಲು ಬರುವುದಿಲ್ಲ. ಆದರೆ ನೀವು ವಿವರಿಸಿದ್ದನ್ನು ನೋಡಿದರೆ, ನಿಮ್ಮದು ಕೊಂಡಿಯನ್ನೇ ತಿರುಗಿಸಿ ಅದುಮಿ ಸಂಖ್ಯೆ ಬದಲಿಸುವ ಬಗೆಯದಿರಬೇಕು.

ಮೊದಲು ಈಗಿನ ಸಂಖ್ಯೆಯಿಂದ ಬೀಗ ತೆಗೆಯಿರಿ. ಕೊಂಡಿಯ ಗಿಡ್ಡ ಕಾಲು ಹೊರಬರುತ್ತದೆ, ಉದ್ದದ ಕಾಲು ಒಳಗೇ ಉಳಿಯುತ್ತದೆ. ಕೊಂಡಿಯನ್ನು ಕಾಲು ಸುತ್ತು ತಿರುಗಿಸಿ ಕೆಳಕ್ಕೆ ಅದುಮಿ ನೋಡಿ. ಇಳಿಯದಿದ್ದರೆ ಅರ್ಧ ಸುತ್ತು ತಿರುಗಿಸಿ ಮತ್ತೆ ಅದುಮಿ. ಎಷ್ಟು ತಿರುಗಿಸಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ, ಆದರೆ ಸರಿಯಾದ ಜಾಗಕ್ಕೆ ಬಂದಾಗ ಕೊಂಡಿ ಸ್ವಲ್ಪ ಒಳಗಿಳಿದದ್ದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹಾಗೆ ಅದುಮಿ ಹಿಡಿದುಕೊಂಡೇ ಹೊಸ ಸಂಖ್ಯೆಯನ್ನು ಕೂರಿಸಿ, ಬಳಿಕ ಕೈ ಸಡಿಲಿಸಿ ಕೊಂಡಿಯನ್ನು ಮೊದಲಿದ್ದ ದಿಕ್ಕಿಗೆ ತಿರುಗಿಸಿರಿ.

ಒಳಗೆ ನಡೆಯುವುದೇನೆಂದು ತಿಳಿದಿದ್ದರೆ ಕೈ ತಪ್ಪುವುದಿಲ್ಲ. ಹೊರಗೆ ಕಾಣುವ ಪ್ರತಿಯೊಂದು ಅಂಕಿಯ ಚಕ್ರದೊಳಗೆ ಕಚ್ಚು ಇರುವ ಒಂದೊಂದು ಉಂಗುರವಿರುತ್ತದೆ. ನಾಲ್ಕೂ ಕಚ್ಚುಗಳು ಒಂದೇ ಸಾಲಿಗೆ ಬಂದಾಗ ಮಾತ್ರ ಕೊಂಡಿ ಮೇಲೇಳುತ್ತದೆ. ಕೊಂಡಿಯನ್ನು ಅದುಮಿದಾಗ ಚಕ್ರಕ್ಕೂ ಉಂಗುರಕ್ಕೂ ಇರುವ ಹಿಡಿತ ಬಿಡುವುದರಿಂದ, ಉಂಗುರ ತೆರೆದ ಸ್ಥಿತಿಯಲ್ಲೇ ನಿಂತು ಹೊರಗಿನ ಅಂಕಿ ಮಾತ್ರ ತಿರುಗುತ್ತದೆ. ಆದ್ದರಿಂದಲೇ ಬೀಗ ಮುಚ್ಚಿರುವಾಗ ಸಂಖ್ಯೆ ಬದಲಿಸಲು ಆಗುವುದಿಲ್ಲ. ಮತ್ತು ಅದುಮಿದ ಕೈ ನಡುವೆ ಸಡಿಲವಾದರೆ ನಿಮಗೇ ತಿಳಿಯದ ಸಂಖ್ಯೆಯೊಂದು ಕೂತುಬಿಡುತ್ತದೆ. ಹೀಗಾಗಿ ಬೀಗವನ್ನು ಬಾಗಿಲಿಗೆ ಹಾಕುವ ಮೊದಲು, ಕೈಯಲ್ಲೇ ಹಿಡಿದು ಎರಡು ಮೂರು ಸಲ ಮುಚ್ಚಿ ತೆರೆದು ಪರೀಕ್ಷಿಸಿರಿ.

ಪುಣೆಯಿಂದ, ಚಿಂಚ್‌ವಡ್:
ಸಂಖ್ಯೆಯ ಆಯ್ಕೆಯ ಬಗ್ಗೆಯೂ ಒಂದು ಮಾತು ಹೇಳಬೇಕೆನಿಸುತ್ತದೆ. ನಾಲ್ಕು ಚಕ್ರಗಳಿಗೆ 10,000 ಸಂಖ್ಯೆಗಳು ಸಾಧ್ಯವಾದರೂ, 0000, 1234, ಕಟ್ಟಡ ಕಟ್ಟಿದ ವರ್ಷ, ನಿಮ್ಮ ಪಿನ್‌ಕೋಡ್ 400080ರ ಕೊನೆಯ ಅಂಕಿಗಳು ಇವನ್ನು ಯಾರಾದರೂ ಮೊದಲೇ ಊಹಿಸುತ್ತಾರೆ. ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ: ಅವಸರದಲ್ಲಿ ಮುಚ್ಚುವವರು ಕೊನೆಯ ಚಕ್ರವನ್ನಷ್ಟೇ ಒಂದಿಷ್ಟು ಸರಿಸಿ ಹೋಗುತ್ತಾರೆ. ಹಾಗಾದಾಗ ಅದೊಂದೇ ಚಕ್ರವನ್ನು ಸುತ್ತಿಸಿದವನಿಗೆ ಹತ್ತು ಪ್ರಯತ್ನಗಳೊಳಗೆ ಬೀಗ ತೆರೆದುಕೊಳ್ಳುತ್ತದೆ. ನಾಲ್ಕೂ ಚಕ್ರಗಳನ್ನು ಕಲಸಿಯೇ ಹೋಗಬೇಕೆಂದು ವಾಚ್‌ಮನ್‌ಗಳಿಗೆ ದಯವಿಟ್ಟು ಎದುರಿಗೇ ನಿಂತು ತೋರಿಸಿಕೊಡಿ.

ಮುಲುಂಡ್ ನಿವಾಸಿ:
ಇಬ್ಬರಿಗೂ ಕೃತಜ್ಞತೆಗಳು. ಅರ್ಧ ಸುತ್ತಿನಲ್ಲಿ ಕೊಂಡಿ ಕೂದಲೆಳೆಯಷ್ಟು ಇಳಿದು ಅಲ್ಲೇ ನಿಲ್ಲುತ್ತದೆ. ಮಳೆಗಾಲವೆಲ್ಲ ಬೀಗ ಹೊರಗೇ ನೇತಾಡಿದ್ದರಿಂದ ಕಾಲಿನ ಬುಡದಲ್ಲಿ ಕಂದು ತುಕ್ಕು ಕಾಣುತ್ತಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಬಹುದೇ?

ಡೊಂಬಿವಲಿಯ ಹಾರ್ಡ್‌ವೇರ್ ಅಂಗಡಿಯವರು:
ಬೇಡ, ತಟ್ಟಿದರೆ ಒಳಗಿನ ಉಂಗುರಗಳು ಸೊಟ್ಟಗಾಗುವ ಸಾಧ್ಯತೆಯಿದೆ. ಮೊದಲು ನಾಲ್ಕು ಅಂಕಿಗಳೂ ಗುರುತಿನ ಗೆರೆಗೆ ನೇರವಾಗಿ ನಿಂತಿವೆಯೇ ನೋಡಿ, ಏಕೆಂದರೆ ಒಂದು ಚಕ್ರ ಅರೆಬರೆ ಸರಿದಿದ್ದರೂ ಕೊಂಡಿ ಪೂರ್ತಿ ಇಳಿಯುವುದಿಲ್ಲ. ಬಳಿಕ ಕಾಲು ಇಳಿಯುವ ತೂತಿಗೆ ಗ್ರಾಫೈಟ್ ಪುಡಿ ಹಾಕಿ, ಕೊಂಡಿಯನ್ನು ಹಲವು ಸಲ ಮೇಲೆ ಕೆಳಗೆ ಆಡಿಸಿರಿ. ಅಡುಗೆ ಎಣ್ಣೆಯನ್ನಂತೂ ಬಿಡಬೇಡಿ, ಅದಕ್ಕೆ ಧೂಳು ಅಂಟಿಕೊಂಡು ಚಕ್ರಗಳು ಇನ್ನಷ್ಟು ಬಿಗಿಯಾಗುತ್ತವೆ. ಇಷ್ಟಾದರೂ ಇಳಿಯದಿದ್ದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿದೆಯೆಂದೇ ತಿಳಿದು, ಬೀಗವನ್ನೇ ಬದಲಿಸುವುದು ಒಳ್ಳೆಯದು. ಹೊಸದನ್ನು ಕೊಳ್ಳುವಾಗ ಹಿತ್ತಾಳೆಯ ಮೈಯಿರುವ, ಮಳೆನೀರಿಗೆ ಅಡ್ಡವಾಗಿ ರಬ್ಬರ್ ಹೊದಿಕೆಯಿರುವ ಬೀಗವನ್ನು ಕೇಳಿರಿ, ಅದರ ಜೊತೆ ಬರುವ ಚೀಟಿಯನ್ನು ಸೊಸೈಟಿಯ ಕಡತದಲ್ಲೇ ಸೇರಿಸಿಡಿ. ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಳಿಸಿ, ಹೊಸ ಸಂಖ್ಯೆಯನ್ನು ವಾಚ್‌ಮನ್‌ಗಳಿಗೆ ಬಾಯಿಮಾತಿನಲ್ಲಷ್ಟೇ ತಿಳಿಸಿ, ಅವರಲ್ಲಿ ಯಾರಾದರೂ ಕೆಲಸ ಬಿಟ್ಟ ದಿನವೇ ಅದನ್ನು ಬದಲಿಸಿಬಿಡಿ.