ಈಗಿನ ಫುಟ್‌ಬಾಲ್ ಕೋಚ್‌ಗಳಲ್ಲಿ ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಬಲ್ಲವರು ಯಾರು?

ಪ್ರಶ್ನೆ: ಕೋಟೆಬೆಟ್ಟ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಆಟ ಮುಗಿಸಿ ಒಗ್ಗರಣೆ-ಮಿರ್ಚಿ ಅಂಗಡಿಯ ಮುಂದೆ ಕುಳಿತಾಗಲೆಲ್ಲ ನಮ್ಮ ಗುಂಪಿನಲ್ಲಿ ಒಂದೇ ಚರ್ಚೆ ಏಳುತ್ತದೆ. ಇಂದು ತಂಡಗಳನ್ನು ನಡೆಸುತ್ತಿರುವ ಕೋಚ್‌ಗಳಲ್ಲಿ ಯಾರ ಹೆಸರನ್ನು ಇನ್ನು ಮೂವತ್ತು ವರ್ಷಗಳ ಮೇಲೂ ಹಿಂದಿನ ದೊಡ್ಡ ಕೋಚ್‌ಗಳಾದ ಅಲೆಕ್ಸ್ ಫರ್ಗ್ಯುಸನ್, ರೈನಸ್ ಮಿಖೆಲ್ಸ್, ಅರಿಗೊ ಸಾಕಿ ಅವರ ಜೊತೆಗಿಟ್ಟು ಹೇಳುತ್ತಾರೆ ಎಂಬುದೇ ಆ ಚರ್ಚೆ.

ಇಬ್ಬರನ್ನು ಪಕ್ಕಕ್ಕಿಟ್ಟು ಉತ್ತರಿಸಬೇಕೆಂದು ಕೋರುತ್ತೇನೆ. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕೂಟವಾದ ಚಾಂಪಿಯನ್ಸ್ ಲೀಗನ್ನು ಮೂರು ಸಲ ಗೆದ್ದು, 2018ರಿಂದ 2024ರೊಳಗೆ ಮ್ಯಾಂಚೆಸ್ಟರ್ ಸಿಟಿಗೆ ಆರು ಲೀಗ್ ಪ್ರಶಸ್ತಿ ತಂದುಕೊಟ್ಟ ಪೆಪ್ ಗ್ವಾರ್ಡಿಯೋಲಾ ಅವರ ಬಗ್ಗೆ ವಾದವೇ ಉಳಿದಿಲ್ಲ. ಐದು ಚಾಂಪಿಯನ್ಸ್ ಲೀಗ್ ಜೊತೆಗೆ ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಈ ಐದೂ ದೇಶಗಳ ಲೀಗ್ ಗೆದ್ದು 2025ರಲ್ಲಿ ಬ್ರೆಜಿಲ್ ತಂಡವನ್ನು ವಹಿಸಿಕೊಂಡ ಕಾರ್ಲೊ ಆಂಚೆಲೊಟ್ಟಿ ಅವರ ಸ್ಥಾನವೂ ಗಟ್ಟಿಯಾಗಿದೆ. ಅವರಿಬ್ಬರ ನಂತರ ಯಾರು?

ನನ್ನ ಮತ ಶಾಬಿ ಅಲೊನ್ಸೊ ಅವರಿಗೆ. 2022ರ ಅಕ್ಟೋಬರಿನಲ್ಲಿ ಅವರು ಬಯೆರ್ ಲೆವರ್‌ಕೂಸನ್ ತಂಡಕ್ಕೆ ಬಂದಾಗ ಅದು ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದಾಗಿತ್ತು. 2023-24ರಲ್ಲಿ ಅದೇ ತಂಡ 28 ಪಂದ್ಯ ಗೆದ್ದು, ಆರನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲದೆ ಜರ್ಮನಿಯ ಲೀಗ್ ಆದ ಬುಂಡೆಸ್‌ಲೀಗಾ ಪ್ರಶಸ್ತಿಯನ್ನು ಮೊದಲ ಸಲ ಎತ್ತಿತು. ಸತತ ಹನ್ನೊಂದು ವರ್ಷ ಬಯೆರ್ನ್ ಮ್ಯೂನಿಕ್ ಬಿಟ್ಟುಕೊಡದಿದ್ದ ಪ್ರಶಸ್ತಿ ಅದು. 2025ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಅವರಿಗೆ ಇನ್ನೂ 43 ವರ್ಷ. ನಮ್ಮ ಗುಂಪಿನ ಕಿರಿಯರು ಆರ್ಸೆನಲ್‌ನ ಮಿಕೆಲ್ ಆರ್ಟೆಟಾ ಎನ್ನುತ್ತಾರೆ. 2023ರಿಂದ 2025ರವರೆಗೆ ಸತತ ಮೂರು ಋತುಗಳಲ್ಲಿ ಎರಡನೇ ಸ್ಥಾನಕ್ಕೆ ನಿಂತವರನ್ನು ಈ ಚರ್ಚೆಗೆ ತರುವುದು ಅವಸರವಾದೀತು ಎಂದು ನನಗನಿಸುತ್ತದೆ. ಹಿರಿಯರು ತಮ್ಮ ಅಭಿಪ್ರಾಯವನ್ನು ಕಾರಣ ಸಹಿತ ತಿಳಿಸಬೇಕೆಂದು ವಿನಂತಿ.

ಉತ್ತರ 1: ದೋಆಬು, ರಾಯಚೂರು

ಕೋಟೆಬೆಟ್ಟ ಅವರೇ, ನೀವು ಕೊಟ್ಟ ಅಂಕಿಗಳೆಲ್ಲ ಸರಿ. ಆದರೆ ಲೆವರ್‌ಕೂಸನ್ ಆ ಋತುವಿನಲ್ಲಿ ಆಡಿದ 53 ಪಂದ್ಯಗಳಲ್ಲಿ ಸೋತ ಒಂದೇ ಒಂದು ಪಂದ್ಯವನ್ನು ನೀವು ಬಿಟ್ಟಿದ್ದೀರಿ. ಡಬ್ಲಿನ್‌ನಲ್ಲಿ ನಡೆದ, ಯುರೋಪಿನ ಎರಡನೇ ದರ್ಜೆಯ ಕೂಟವಾದ ಯುರೋಪಾ ಲೀಗ್ ಫೈನಲ್‌ನಲ್ಲಿ ಗ್ಯಾಸ್ಪರಿನಿ ಕೋಚ್ ಆಗಿದ್ದ ಇಟಲಿಯ ಅಟಲಾಂಟಾ ಮೂರು ಗೋಲು ಹೊಡೆದಾಗ ಅಲೊನ್ಸೊ ಅವರ ಬಳಿ ಉತ್ತರವಿರಲಿಲ್ಲ. ಸೋತರೆಂದು ನಾನು ಅವರನ್ನು ಕೆಳಗಿಳಿಸುತ್ತಿಲ್ಲ. ಸೋಲಿನ ನಂತರ ಕೋಚ್ ಏನು ಮಾಡುತ್ತಾನೆ ಎಂಬುದರಲ್ಲಿ ನನ್ನ ಅಳತೆಗೋಲು ಇದೆ, ಅವರ ಮಟ್ಟಿಗೆ ಆ ಅಧ್ಯಾಯ ಈಗಷ್ಟೇ ತೆರೆಯುತ್ತಿದೆ.

ಈ ಅಳತೆಗೋಲನ್ನು ನಾನು ಯುರೋಪಿನಿಂದ ತಂದಿದ್ದಲ್ಲ. ನಮ್ಮ ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ತಂದೆಯವರು ಅಲ್ಲಿ ಓದುವಾಗ ಸೈಯದ್ ಅಬ್ದುಲ್ ರಹೀಂ ಸಾಹೇಬರು ತಯಾರು ಮಾಡಿದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಆಟವನ್ನು ಕಣ್ಣಾರೆ ಕಂಡಿದ್ದರು. 1950ರಿಂದ 1954ರವರೆಗೆ ದೇಶದ ಹಳೆಯ ಫುಟ್‌ಬಾಲ್ ಕೂಟವಾದ ರೋವರ್ಸ್ ಕಪ್ ಅನ್ನು ಸತತ ಐದು ಸಲ ಗೆದ್ದ ತಂಡವದು. ಅವರೇ ಕೋಚ್ ಆಗಿದ್ದ ಭಾರತ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದು, ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ಅಂಥ ಸೋಲಿನ ಮೇಲೆ ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮೆಲ್ಬರ್ನ್‌ನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಒಲಿಂಪಿಕ್ ಸೆಮಿಫೈನಲ್‌ನಲ್ಲಿ ನಿಂತಿತ್ತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಫೈನಲ್‌ಗೆ, ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಸಾಹೇಬರು ಮುಂಚೂಣಿಗೆ ಇಳಿಸಿದರು. ಬ್ಯಾಂಡೇಜ್ ಸುತ್ತಿದ್ದ ಆ ಆಟಗಾರ ಒಂದು ಗೋಲು ಹೊಡೆದು, ದಕ್ಷಿಣ ಕೊರಿಯಾ ವಿರುದ್ಧ 2-1ರ ಗೆಲುವಿನಲ್ಲಿ ಪಾಲು ಪಡೆದರು. ಈ ಭಾಗವನ್ನು ಹೇಳುವಾಗ ತಂದೆಯವರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಮರುವರ್ಷ ರಹೀಂ ಸಾಹೇಬರು ಕ್ಯಾನ್ಸರ್‌ನಿಂದ ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ದಕ್ಕಿಲ್ಲ.

ಒಮ್ಮೆ ಕಟ್ಟಿದ್ದು ಬಿದ್ದ ಮೇಲೆ, ಬೇರೆ ಹುಡುಗರನ್ನು ಇಟ್ಟುಕೊಂಡು ಬೇರೆ ರೀತಿಯಲ್ಲಿ ಮತ್ತೆ ಕಟ್ಟಬಲ್ಲವರನ್ನು ನಾನು ದೊಡ್ಡವರೆಂದು ಎಣಿಸುತ್ತೇನೆ. ಹಾಗೆ ನೋಡಿದರೆ ಈಗಿರುವವರಲ್ಲಿ ಮೊದಲು ಹೇಳಬೇಕಾದ ಹೆಸರು ಲೂಯಿಸ್ ಎನ್ರಿಕೆ. 2015ರಲ್ಲಿ ಅವರು ಬಾರ್ಸಿಲೋನಾಕ್ಕೆ ಮೂರು ಪ್ರಶಸ್ತಿ ತಂದಾಗ, ಮೆಸ್ಸಿ, ಸುವಾರೆಸ್, ನೇಮರ್ ಇದ್ದರೆ ಯಾರಾದರೂ ಗೆಲ್ಲುತ್ತಾರೆ ಎಂದವರಿದ್ದರು. 2022ರ ವಿಶ್ವಕಪ್‌ನಲ್ಲಿ ಅವರ ಸ್ಪೇನ್ ತಂಡ ಮೊರೊಕ್ಕೊ ಎದುರು ಪೆನಾಲ್ಟಿಯಲ್ಲಿ ಸೋತು, ಅವರ ಕೆಲಸವೂ ಹೋಯಿತು. ಮರುವರ್ಷ ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ) ಸೇರಿದರು. ಅಲ್ಲಿಯೂ ಒಂದೇ ಋತುವಿನಲ್ಲಿ ಎಂಬಾಪೆ ತಂಡ ಬಿಟ್ಟರು. 2024-25ರ ಚಾಂಪಿಯನ್ಸ್ ಲೀಗ್‌ನ ಮೊದಲ ಹಂತದಲ್ಲಿ ಆರ್ಸೆನಲ್, ಅಟ್ಲೆಟಿಕೊ, ಬಯೆರ್ನ್ ಮೂವರಿಗೂ ಸೋತು ಹೊರಬೀಳುವ ಅಂಚಿಗೆ ಬಂದಿದ್ದ ತಂಡ, ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಎರಡು ಗೋಲು ಹಿಂದಿದ್ದು 4-2ರಿಂದ ಗೆದ್ದ ರಾತ್ರಿಯಿಂದ ಬೇರೆಯೇ ತಂಡವಾಯಿತು. 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ ಬಂದ 5-0, ಆ ಸ್ಪರ್ಧೆಯ ಫೈನಲ್‌ಗಳಲ್ಲೇ ಅತಿ ದೊಡ್ಡ ಅಂತರದ ಗೆಲುವು. ಎರಡು ಕ್ಲಬ್‌ಗಳಿಗೆ ಲೀಗ್, ದೇಶದ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದುಕೊಟ್ಟವರು ಅವರಿಗೆ ಮೊದಲು ಗ್ವಾರ್ಡಿಯೋಲಾ ಒಬ್ಬರೇ. ಅದೇ ವರ್ಷದ ಜುಲೈನಲ್ಲಿ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ಚೆಲ್ಸಿ ಅವರನ್ನು 3-0ರಿಂದ ಮಣಿಸಿದ್ದು ನನಗೆ ಗೊತ್ತಿದೆ. ಆದರೂ ನನ್ನ ಮತ ಬದಲಾಗಿಲ್ಲ.

ಉತ್ತರ 2: ಎಡದಂಡೆ ಕಾಲುವೆ, ಸಿಂಧನೂರು

ಡಿಯೆಗೊ ಸಿಮಿಯೋನಿ ಅವರನ್ನು ಇಲ್ಲಿ ಯಾರೂ ನೆನೆಯದಿರುವುದು ನನಗೆ ನೋವು ತಂದಿದೆ. 2011ರ ಡಿಸೆಂಬರಿನಿಂದ ಒಂದೇ ಕ್ಲಬ್‌ನಲ್ಲಿ ನಿಂತು, ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾಗಳ ಹಣಬಲದ ನಡುವೆ 2014 ಮತ್ತು 2021ರಲ್ಲಿ ಅಟ್ಲೆಟಿಕೊ ತಂಡಕ್ಕೆ ಲೀಗ್ ಗೆದ್ದುಕೊಟ್ಟವರು ಅವರು. 2014ರಲ್ಲಿ ರಿಯಲ್ ಎದುರು ಲಿಸ್ಬನ್‌ನ ಚಾಂಪಿಯನ್ಸ್ ಲೀಗ್ ಫೈನಲ್ ಮುಗಿಯಲು ಕ್ಷಣಗಳಿದ್ದಾಗ, 93ನೇ ನಿಮಿಷದಲ್ಲಿ ಸೆರ್ಗಿಯೊ ರಾಮೋಸ್ ಅವರ ಹೆಡರ್ ಗೋಲಾಗದಿದ್ದರೆ ಇವತ್ತು ಈ ಪ್ರಶ್ನೆಗೆ ಮೊದಲ ಉತ್ತರ ಅವರದೇ ಆಗಿರುತ್ತಿತ್ತು. 2016ರ ಫೈನಲ್‌ನಲ್ಲಿ ಮತ್ತೆ ಅದೇ ರಿಯಲ್ ಎದುರು ಪೆನಾಲ್ಟಿಯಲ್ಲಿ ಸೋತರು. ದೋಆಬು ಸರ್, ಬಿದ್ದ ಮೇಲೆ ಮತ್ತೆ ಕಟ್ಟುವುದೇ ಅಳತೆಯಾದರೆ ಎರಡು ಫೈನಲ್ ಸೋತ ಮೇಲೂ ಅಲ್ಲೇ ಉಳಿದು 2021ರ ಲೀಗ್ ಗೆದ್ದದ್ದನ್ನು ನೀವೂ ಲೆಕ್ಕಕ್ಕೆ ಹಿಡಿಯಬೇಕು.

ಉತ್ತರ 3: ಪಿ.ಇ. ಮಾಸ್ತರ, ಕೊಪ್ಪಳ

ಎಲ್ಲರ ಬರಹ ಓದಿದೆ, ಸಂತೋಷವಾಯಿತು. ದೋಆಬು ಸರ್ ಹೇಳಿದ ಮ್ಯೂನಿಕ್ ಫೈನಲ್‌ನಲ್ಲಿ ಕಣ್ಣಿಟ್ಟು ನೋಡಬೇಕಾದ ಎರಡು ಸಂಗತಿಗಳಿವೆ. ನಮ್ಮಲ್ಲಿ ಅದು ರಾತ್ರಿ ಹನ್ನೆರಡೂವರೆಗೆ ಶುರುವಾದ ಪಂದ್ಯ. ಕರೆಂಟ್ ಹೋಗಿ, ನಾನು ಮಾಳಿಗೆಯ ಮೇಲೆ ಮೊಬೈಲ್ ಹಿಡಿದು ನೋಡಿದೆ. ಆಟ ಆರಂಭವಾದ ಕೂಡಲೇ ಪಿಎಸ್‌ಜಿಯ ವಿಟಿನ್ಯಾ ಚೆಂಡನ್ನು ತಮ್ಮವರಿಗೆ ಕೊಡದೆ, ಇಂಟರ್‌ನ ಮೂಲೆಯ ಹತ್ತಿರ ಗೆರೆಯಾಚೆಗೆ ಬೇಕೆಂತಲೇ ಒದ್ದರು. ಚೆಂಡು ಎದುರಾಳಿಯದಾಯಿತು, ಆದರೆ ಎಲ್ಲಿ? ಅವರದೇ ಗೋಲಿನ ಮಗ್ಗುಲಲ್ಲಿ, ಥ್ರೋ ಮಾಡುವವನ ಸುತ್ತ ಪಿಎಸ್‌ಜಿ ಆಟಗಾರರು ಬೇಲಿ ಕಟ್ಟಿದ ಹಾಗೆ ನಿಂತಿರುವಾಗ. ಎರಡನೆಯದು, ಇಂಟರ್ ಗೋಲ್‌ಕೀಪರ್ ಸೊಮರ್ ಗೋಲ್‌ಕಿಕ್‌ಗೆ ಚೆಂಡು ಇಟ್ಟಾಗಲೆಲ್ಲ ಪಿಎಸ್‌ಜಿಯ ಮುಂಚೂಣಿ ಆಟಗಾರ ದೆಂಬೆಲೆ ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ ಬಾಗಿ, ಓಟಕ್ಕೆ ಸಿದ್ಧರಾಗಿ ಅವರ ಪಾದವನ್ನೇ ನೋಡುತ್ತಿದ್ದರು. ದೆಂಬೆಲೆ ಹಿಂದೆ ರಕ್ಷಣೆಯಲ್ಲಿ ಇಷ್ಟು ಬೆವರು ಹರಿಸಿದ ಆಟಗಾರರಲ್ಲ. ಅಂಥವರನ್ನು ಹೀಗೆ ದುಡಿಯುವಂತೆ ಮಾಡಿದ್ದು ಎನ್ರಿಕೆ ಅವರ ಕೆಲಸ. ಜೂನ್‌ನಲ್ಲಿ ಶಾಲೆ ಆರಂಭವಾದಾಗ ಸುಣ್ಣದ ಗೆರೆ ಎಳೆದು ನಮ್ಮ ಹುಡುಗಿಯರ ತಂಡಕ್ಕೆ ಆ ಥ್ರೋ ಬೇಲಿಯನ್ನು ಕಲಿಸಿದೆ. ಮೂರನೇ ದಿನಕ್ಕೆ ಅವರಿಗೆ ಯಾರು ಯಾವ ಕಡೆ ಮುಚ್ಚಬೇಕು ಎಂಬುದು ತಿಳಿದುಹೋಯಿತು.

ಹುಡುಗಿಯರ ತಂಡ ಎಂದಾಗ ನೆನಪಾಯಿತು, ಈ ಚರ್ಚೆಯಲ್ಲಿ ಇದುವರೆಗೆ ಒಬ್ಬ ಮಹಿಳೆಯ ಹೆಸರೂ ಬಂದಿಲ್ಲ. ಸರಿನಾ ವೀಗ್ಮನ್ 2017ರಲ್ಲಿ ನೆದರ್‌ಲ್ಯಾಂಡ್ಸ್, 2022 ಮತ್ತು 2025ರಲ್ಲಿ ಇಂಗ್ಲೆಂಡ್ ತಂಡಗಳಿಗೆ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದುಕೊಟ್ಟರು. ನಡುವೆ 2019 ಮತ್ತು 2023ರ ವಿಶ್ವಕಪ್ ಫೈನಲ್‌ಗಳಿಗೂ ಈ ಎರಡು ತಂಡಗಳನ್ನು ಒಯ್ದು, ಎರಡರಲ್ಲೂ ಸೋತರು. ಅಂದರೆ ಯುರೋಪಿಯನ್ ಚಾಂಪಿಯನ್‌ಷಿಪ್ ಮತ್ತು ವಿಶ್ವಕಪ್ ಸೇರಿ ಸತತ ಐದು ಕೂಟಗಳ ಫೈನಲ್. 2025ರ ಕೂಟದ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವೀಡನ್ ಎರಡು ಗೋಲು ಮುಂದಿದ್ದಾಗ ಅವರು ಹತ್ತೊಂಬತ್ತರ ಮಿಷೆಲ್ ಅಗ್ಯೆಮಾಂಗ್ ಅವರನ್ನು ಇಳಿಸಿದರು, ಆ ಹುಡುಗಿ ಸಮಬಲದ ಗೋಲು ಹೊಡೆದಳು. ಸೆಮಿಫೈನಲ್‌ನಲ್ಲಿ ಇಟಲಿ ಎದುರು 96ನೇ ನಿಮಿಷದಲ್ಲಿ ಮತ್ತೆ ಅವಳೇ ತಂಡವನ್ನು ಉಳಿಸಿದಳು. ಬೆಂಚಿನಲ್ಲಿ ಯಾರು ಕೂತಿದ್ದಾರೆ, ಅವರ ಗಳಿಗೆ ಯಾವುದು ಎಂಬುದನ್ನು ಇಷ್ಟು ಸರಿಯಾಗಿ ಬಲ್ಲ ಕೋಚ್ ಇಂದು ಇನ್ನೊಬ್ಬರು ನನ್ನ ಕಣ್ಣಿಗೆ ಕಾಣುತ್ತಿಲ್ಲ. ಗಂಡಸರ ತಂಡದಲ್ಲಿ ಇದೇ ಸಾಧನೆ ಆಗಿದ್ದರೆ ಕೋಟೆಬೆಟ್ಟ ಅವರು ಪಕ್ಕಕ್ಕಿಟ್ಟ ಹೆಸರುಗಳು ಎರಡಲ್ಲ, ಮೂರಾಗಿರುತ್ತಿದ್ದವು.

ಕೋಟೆಬೆಟ್ಟ, ಬಳ್ಳಾರಿ

ಮಾಸ್ತರರೇ, ನಿಮ್ಮ ಮಾತನ್ನು ಒಪ್ಪುತ್ತೇನೆ. ವೀಗ್ಮನ್ ಅವರನ್ನು ಬಿಟ್ಟದ್ದು ನನ್ನ ತಪ್ಪು. ದೋಆಬು ಸರ್ ಹೇಳಿದ ಮೇಲೆ ಅಲೊನ್ಸೊ ಅವರಿಗೆ ಇನ್ನೂ ಕೆಲವು ವರ್ಷ ಕಾಯಬೇಕು ಎಂದೂ ಅನಿಸುತ್ತಿದೆ. ಇನ್ನೊಂದು ಕೇಳುವುದಿದೆ. ಕ್ಲಬ್ ನಡೆಸದೆ ದೇಶದ ತಂಡವನ್ನಷ್ಟೇ ನಡೆಸಿದವರನ್ನು ಇದೇ ತಕ್ಕಡಿಯಲ್ಲಿ ತೂಗಬಹುದೇ? ಅರ್ಜೆಂಟೀನಾದ ಕೋಚ್ ಲಿಯೊನೆಲ್ ಸ್ಕಲೋನಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದೇನೆ.

ಉತ್ತರ 4: ಎರಡನೇ ಪಾಳಿ, ತೋರಣಗಲ್ಲು

ಖಂಡಿತ ತೂಗಬಹುದು. ಕ್ಲಬ್ ಕೋಚ್‌ಗೆ ದಿನವೂ ಆಟಗಾರರು ಕೈಗೆ ಸಿಗುತ್ತಾರೆ, ಬೇಕಾದವರನ್ನು ಕೊಂಡುಕೊಳ್ಳಬಹುದು. ದೇಶದ ಕೋಚ್‌ಗೆ ವರ್ಷದಲ್ಲಿ ಸಿಗುವುದು ಕೆಲವೇ ವಾರಗಳು. ಸ್ಕಲೋನಿ ಅರ್ಜೆಂಟೀನಾಕ್ಕೂ ಮೊದಲು ಯಾವ ಹಿರಿಯರ ತಂಡಕ್ಕೂ ಮುಖ್ಯ ಕೋಚ್ ಆಗಿರಲಿಲ್ಲ. 2018ರಲ್ಲಿ ಅವರಿಗೆ ಅರ್ಜೆಂಟೀನಾ ತಂಡವನ್ನು ಕೊಟ್ಟದ್ದು ತಾತ್ಕಾಲಿಕವಾಗಿ. 1993ರಿಂದ ಒಂದೂ ದೊಡ್ಡ ಪ್ರಶಸ್ತಿ ಕಾಣದ ಹಿರಿಯರ ತಂಡಕ್ಕೆ ಅವರು 2021ರ ಕೋಪಾ ಅಮೆರಿಕ (ದಕ್ಷಿಣ ಅಮೆರಿಕದ ದೇಶಗಳ ಕೂಟ), 2022ರ ವಿಶ್ವಕಪ್, 2024ರ ಕೋಪಾ ತಂದುಕೊಟ್ಟರು.

ನನಗೆ ಅವರು ದೊಡ್ಡವರಾಗಿ ಕಂಡದ್ದು ಟ್ರೋಫಿ ಎತ್ತಿದ ದಿನವಲ್ಲ, ಕತಾರ್‌ನಲ್ಲಿ ಮೊದಲ ಪಂದ್ಯವನ್ನೇ ಸೌದಿ ಅರೇಬಿಯಾ ಎದುರು 2-1ರಿಂದ ಸೋತ ವಾರ. 36 ಪಂದ್ಯ ಸೋಲದೆ ಬಂದಿದ್ದ ತಂಡವದು. ಬೇರೆಯವರು ಹಳೆಯ ಹನ್ನೊಂದು ಮಂದಿಯನ್ನೇ ನಂಬಿ ಕೂರುತ್ತಿದ್ದರೇನೋ. ಇವರು ಮೆಕ್ಸಿಕೊ ಪಂದ್ಯಕ್ಕೆ ಐವರನ್ನು ಬದಲಿಸಿ ಮ್ಯಾಕ್ ಅಲಿಸ್ಟರ್ ಅವರನ್ನು ಒಳಗೆ ತಂದರು. ಆ ಪಂದ್ಯದಲ್ಲಿ ಬದಲಿಯಾಗಿ ಇಳಿದು ಗೋಲು ಹೊಡೆದ ಎನ್ಸೊ ಫರ್ನಾಂಡಿಸ್ ಅವರನ್ನು ಮುಂದಿನ ಪಂದ್ಯದಿಂದ ಆರಂಭದಲ್ಲೇ ಆಡಿಸಿದರು. ಫೈನಲ್‌ನಲ್ಲಿ ಡಿ ಮರಿಯಾ ಅವರನ್ನು ಎಡಗಡೆಗೆ ನಿಲ್ಲಿಸಿದಾಗ ಫ್ರಾನ್ಸ್‌ಗೆ ಆ ಬದಿಯನ್ನು ಮುಚ್ಚಲಾಗಲಿಲ್ಲ; ಮೊದಲ ಗೋಲಿನ ಪೆನಾಲ್ಟಿ ಅವರಿಂದ ಸಿಕ್ಕಿತು, ಎರಡನೇ ಗೋಲು ಅವರೇ ಹೊಡೆದರು. ಆ ದಿನ ಪಾಳಿ ಬದಲಿಸಿಕೊಂಡು ರೂಮಿನಲ್ಲಿ ಎಂಟು ಜನ ಒಂದೇ ಟಿವಿ ಮುಂದೆ ಕೂತಿದ್ದೆವು, 3-3 ಆದಾಗ ಯಾರಿಗೂ ಮಾತು ಬರಲಿಲ್ಲ.

ಕೋಚ್ ಆಗಿ ಪುರುಷರ ವಿಶ್ವಕಪ್ ಅನ್ನು ಎರಡು ಸಲ ಗೆದ್ದವರು 2022ರ ಕೂಟದವರೆಗೆ ಇಟಲಿಯ ವಿಟ್ಟೋರಿಯೊ ಪೊಜ್ಜೊ ಒಬ್ಬರೇ, 1934 ಮತ್ತು 1938ರಲ್ಲಿ. 2026ರ ಜೂನ್‌ನಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ ನಡೆಯುವ ಕೂಟಕ್ಕೆ ಸ್ಕಲೋನಿ ಆ ಅವಕಾಶ ಹೊತ್ತು ಹೋಗಲಿದ್ದಾರೆ. 2018ರಲ್ಲಿ ಗೆದ್ದ ಫ್ರಾನ್ಸ್‌ನ ಡಿಡಿಯರ್ ದೆಶಾಂಪ್ಸ್ ಅವರಿಗೂ ಅದೇ ಅವಕಾಶವಿದೆ. ಆ ಪಂದ್ಯಗಳಲ್ಲಿ ಬಹಳಷ್ಟು ನಮಗೆ ನಡುರಾತ್ರಿಯ ಮೇಲೆ ಬೀಳುತ್ತವೆ, ಆದ್ದರಿಂದ ಆ ತಿಂಗಳು ಎರಡನೇ ಪಾಳಿಯನ್ನೇ ಕೊಡಿ ಎಂದು ನಾನು ಈಗಲೇ ಕೇಳಿಟ್ಟಿದ್ದೇನೆ.