ಹೊಳೆದಂಡೆಯ ಗದ್ದೆಗೆ ಏರಿ ಹಾಕುವುದೇ, ಹೊಳೆಗೆ ಜಾಗ ಬಿಡುವುದೇ? – ಅನುಭವ ಹಂಚಿಕೆ

ಕೇಳಿದವರು: ಶ್ರೀರಂಗಪಟ್ಟಣ ತಾಲ್ಲೂಕಿನ ರೈತರೊಬ್ಬರು

ಶ್ರೀರಂಗಪಟ್ಟಣದಿಂದ ಕೆಳಗೆ, ಕಾವೇರಿಗೆ ಆತುಕೊಂಡಂತೆ ನಮ್ಮ ಕುಟುಂಬದ ಮೂರು ಎಕರೆ ಹತ್ತು ಗುಂಟೆ ಜಮೀನಿದೆ. ಮೇಲುಭಾಗದಲ್ಲಿ ಕಬ್ಬು ಮತ್ತು ತೆಂಗು, ಹೊಳೆಯ ಕಡೆಯ ತಗ್ಗಿನಲ್ಲಿ ಭತ್ತ ಬೆಳೆಯುತ್ತೇವೆ. 2018, 2019 ಮತ್ತು 2024ರಲ್ಲಿ ಕನ್ನಂಬಾಡಿ ಕಟ್ಟೆಯ (ಕೃಷ್ಣರಾಜಸಾಗರದ) ಬಾಗಿಲುಗಳನ್ನು ಎತ್ತಿದಾಗ ತಗ್ಗಿನ ಗದ್ದೆ ಮೂರು ಸಲವೂ ನೀರಿನೊಳಗಾಯಿತು. ಈಗ ಅಕ್ಕಪಕ್ಕದ ಹನ್ನೊಂದು ಮನೆಯವರು ಸೇರಿ, ದಂಡೆಯ ಉದ್ದಕ್ಕೂ ಜೆಸಿಬಿಯಿಂದ ಆರಡಿ ಎತ್ತರದ ಮಣ್ಣಿನ ಏರಿ ಹಾಕಿಸೋಣ, ಅದಕ್ಕೆ ಅಡ್ಡ ಬರುವ ಹೊಳೆಮತ್ತಿ ಮರಗಳನ್ನೂ ಜೊಂಡನ್ನೂ ತೆಗೆಸಿಬಿಡೋಣ ಎನ್ನುತ್ತಿದ್ದಾರೆ. ಮಗಳು ಒಪ್ಪುತ್ತಿಲ್ಲ, ಆ ಮರಗಳ ಬೇರಿನಡಿಯ ಬಿಲದಿಂದ ನೀರುನಾಯಿ ಮರಿಗಳೊಡನೆ ಹೊರಬರುವುದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಬೆಳೆಯೂ ಉಳಿಯಬೇಕು, ಹೊಳೆಯೂ ಕೆಡಬಾರದು ಎಂದರೆ ದಾರಿಯುಂಟೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಅರಕೆರೆ ಕಡೆಯ ರೈತರೊಬ್ಬರ ಉತ್ತರ

ತಾವು ಈಗ ಮಾಡಲು ಹೊರಟಿರುವುದನ್ನು ನಾನು 2018ರ ನೆರೆ ಇಳಿದ ಮೇಲೆ ಮಾಡಿ ಮುಗಿಸಿದವನಾದ್ದರಿಂದ, ಏನಾಯಿತೆಂಬುದನ್ನು ಬಿಡಿಸಿಯೇ ಬರೆಯುತ್ತೇನೆ. ಆ ವರ್ಷದ ಕಾರ್ತಿಕದಲ್ಲಿ ದಂಡೆಯ ಅಂಚಿಗೇ ಐದಡಿ ಏರಿ ಹಾಕಿಸಿದೆ. ಮಣ್ಣು ಹೊರಗಿನಿಂದ ತರಿಸಿದರೆ ಟ್ರ್ಯಾಕ್ಟರ್ ಬಾಡಿಗೆಯೇ ಮೈಮೇಲೆ ಬರುತ್ತದೆಂದು ದಂಡೆಯ ಬುಡದಲ್ಲಿಯೇ ತೋಡಿಸಿದ್ದು ಮೊದಲನೆಯ ತಪ್ಪು; ಏರಿಗೆ ತೂಬು ಇಡದಿದ್ದದ್ದು ಎರಡನೆಯದು. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಮೊದಲ ದಿನ ಏರಿ ನೀರನ್ನು ತಡೆದು ನಿಲ್ಲಿಸಿತು, ನಾನು ಊರವರ ಮುಂದೆ ಮೀಸೆ ತಿರುವಿದ್ದೂ ಆಯಿತು. ಎರಡನೆಯ ರಾತ್ರಿ ನೀರು ಏರಿಯ ನೆತ್ತಿಯ ಮೇಲೆ ಗೇಣುದ್ದ ಹರಿಯಿತು. ನಾಲ್ಕು ದಿನದಲ್ಲಿ ಹೊಳೆಯೇನೋ ಇಳಿಯಿತು, ಒಳಗೆ ಬಂದ ನೀರಿಗೆ ಹೋಗಲು ದಾರಿಯಿರಲಿಲ್ಲ. ನಾಲೆಯ ಬಸಿನೀರು ಮತ್ತು ಮಳೆನೀರು ಅದರೊಡನೆ ಸೇರಿ ಹನ್ನೊಂದು ದಿನ ನಿಂತವು. ನಾನು ಕಟ್ಟಿಸಿದ್ದು ನನ್ನ ಗದ್ದೆಯ ಮೇಲೊಂದು ಕೆರೆಯನ್ನು. ಒಟ್ಲಿನ (ಸಸಿಮಡಿಯ) ಪೈರು ಕೊಳೆತು, ಹಿಡಿದರೆ ಬೆರಳ ಸಂದಿಯಲ್ಲಿ ಗಂಜಿಯಂತೆ ಜಾರುತ್ತಿತ್ತು. ಏರಿಯನ್ನೇ ಹಾಕದಿದ್ದ ಪಕ್ಕದವರ ಒಟ್ಲು ಐದನೆಯ ದಿನ ತಲೆಯೆತ್ತಿತು.

ಇನ್ನೊಂದು ಸಂಗತಿಯನ್ನು ನಾನು ಆವರೆಗೆ ಗಮನಿಸಿರಲಿಲ್ಲ. ದಂಡೆ ಕುಸಿಯುವುದು ಹೊಳೆ ತುಂಬಿ ಹರಿಯುವಾಗ ಎಂದೇ ತಿಳಿದಿದ್ದೆ. ಆದರೆ ಮೇಲೆ ಬಾಗಿಲು ಇಳಿಸಿ ಹೊಳೆ ತಟ್ಟನೆ ತಗ್ಗಿದ ದಿನ ಬೆಳಿಗ್ಗೆ ಏರಿಯ ಪಕ್ಕದಲ್ಲಿ, ದಂಡೆಗೆ ಸಮನಾಗಿ, ಕಿರುಬೆರಳು ತೂರುವಷ್ಟು ಅಗಲದ ಬಿರುಕು ಕಂಡಿತು. ಮಧ್ಯಾಹ್ನ ಅದರೊಳಗೆ ಕುಡುಗೋಲಿನ ಹಿಡಿ ಇಳಿಯಿತು. ಸಂಜೆಯ ಹೊತ್ತಿಗೆ ನಲವತ್ತಡಿ ಉದ್ದದ ದಂಡೆ, ಏರಿಯನ್ನೂ ಎರಡು ಫಲಕ್ಕೆ ಬಂದ ತೆಂಗಿನಮರಗಳನ್ನೂ ಹೊತ್ತುಕೊಂಡು ಹೊಳೆಗೆ ಕುಳಿತುಬಿಟ್ಟಿತು. ಕುಸಿತ ಎಲ್ಲಿ ನಿಂತಿತೆಂದರೆ, ನಾನು ಕಡಿಸಬೇಕೆಂದಿದ್ದು ಕೂಲಿಯಾಳು ಬಾರದೆ ಉಳಿದಿದ್ದ ಎರಡು ಹೊಳೆಮತ್ತಿ ಮರಗಳ ಬುಡದಲ್ಲಿ.

ಈಗಿನ ಏರಿ ದಂಡೆಯಿಂದ ಅರವತ್ತಡಿ ಹಿಂದಿದೆ, ಎತ್ತರ ಎರಡೂವರೆ ಅಡಿ ಮಾತ್ರ. ಸಣ್ಣ ನೆರೆಯನ್ನು ಅದು ತಡೆಯುತ್ತದೆ, ದೊಡ್ಡದನ್ನು ಮೇಲೆ ಹತ್ತಿ ಹೋಗಲು ಬಿಡುತ್ತದೆ. ಅತಿ ತಗ್ಗಾದ ಮೂಲೆಯಲ್ಲಿ ಸಿಮೆಂಟು ಕೊಳವೆ ಇಟ್ಟು, ಅದರ ಹೊಳೆಯ ಕಡೆಯ ಬಾಯಿಗೆ ಮೇಲಿನಿಂದ ತೂಗುಬಿದ್ದ ಕಬ್ಬಿಣದ ಮುಚ್ಚಳ ಹಾಕಿಸಿದ್ದೇನೆ. ಹೊಳೆ ಏರಿದರೆ ನೀರೇ ಮುಚ್ಚಳವನ್ನು ಒತ್ತಿ ಮುಚ್ಚುತ್ತದೆ, ಇಳಿದರೆ ಒಳನೀರು ಅದನ್ನು ತಳ್ಳಿಕೊಂಡು ಹೊರಹೋಗುತ್ತದೆ. ಒಮ್ಮೆ ಒಂದು ಕಬ್ಬಿನ ತುಂಡು ಸಿಕ್ಕಿಕೊಂಡು ಅರ್ಧ ತೆರೆದೇ ನಿಂತಿದ್ದರಿಂದ, ಪ್ರತಿ ಆಷಾಢದಲ್ಲಿ ಕೈಹಾಕಿ ನೋಡದೆ ಬಿಡುವುದಿಲ್ಲ. ಏರಿಯ ಇಳಿಜಾರಿಗೆ ಗೇಣಿಗಿಂತ ಕಡಿಮೆ ಅಂತರದಲ್ಲಿ ಸಾಲಾಗಿ ಲಾವಂಚ ನೆಟ್ಟಿದ್ದೇನೆ. ಬಿಟ್ಟ ಅರವತ್ತಡಿಯಲ್ಲಿ ಬಿದಿರು, ಹೊಂಗೆ, ನೇರಳೆ ಇವೆ; ಜೊಂಡು ತಾನಾಗಿಯೇ ಬಂತು. 2024ರಲ್ಲಿ ನೀರು ಏರಿಯ ಮೇಲೆ ಹರಿದರೂ ಏರಿ ಒಡೆಯಲಿಲ್ಲ, ಒಳನೀರು ಮೂರನೆಯ ದಿನ ಖಾಲಿಯಾಯಿತು. ಎರಡು ಬೆರಳು ದಪ್ಪದ ಮೆಕ್ಕಲು ಉಳಿದಿತ್ತು. ಆ ಸಲದ ಭತ್ತಕ್ಕೆ ಯೂರಿಯಾ ಕಡಿಮೆಯೇ ಸಾಕಾಯಿತು.

ಮೈಸೂರಿನಲ್ಲಿರುವ ನಿವೃತ್ತ ನೀರಾವರಿ ಎಂಜಿನಿಯರೊಬ್ಬರ ಉತ್ತರ

ಮೇಲೆ ಬರೆದವರು ಕಂಡ ಬಿರುಕಿಗೆ ಕಾರಣವಿದೆ. ನೆರೆಯ ದಿನಗಳಲ್ಲಿ ದಂಡೆಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಹೊಳೆಯ ನೀರೇ ಅದಕ್ಕೆ ಹೊರಗಿನಿಂದ ಆನಿಕೆಯಾಗಿರುತ್ತದೆ. ಹೊಳೆ ದಿಢೀರನೆ ಇಳಿದರೆ ಆನಿಕೆ ತಪ್ಪುತ್ತದೆ, ಮಣ್ಣಿನೊಳಗಿನ ನೀರು ಅಷ್ಟು ಬೇಗ ಬಸಿಯುವುದಿಲ್ಲ, ದಂಡೆ ಜಾರುತ್ತದೆ. ಅಂಚಿಗೇ ಏರಿ ಹಾಕಿದರೆ ಆ ಭಾರವೂ ಅದರ ಮೇಲೆಯೇ. ಬುಡದಲ್ಲಿ ಮಣ್ಣನ್ನೋ ಮರಳನ್ನೋ ತೆಗೆದಿದ್ದರೆ ಹೇಳುವುದೇ ಬೇಡ. ಜಲಾಶಯವಿರುವ ಹೊಳೆಯಲ್ಲಿ ಮತ್ತೊಂದು ತೊಡಕೂ ಉಂಟು: ಹೂಳು ಕಟ್ಟೆಯ ಹಿಂದೆ ನಿಂತು, ಕೆಳಕ್ಕೆ ಬರುವ ನೀರಿನಲ್ಲಿ ಮಣ್ಣಿನಂಶ ಕಡಿಮೆಯಿರುವುದರಿಂದ ಅದು ತಳವನ್ನೂ ದಂಡೆಯನ್ನೂ ಹೆಚ್ಚು ಕೊರೆಯುತ್ತದೆ.

ನಮ್ಮ ಜನರಲ್ಲಿ, ಕಟ್ಟೆಯನ್ನು ಸರಿಯಾಗಿ ನಿಭಾಯಿಸಿದರೆ ನೆರೆಯೇ ಬಾರದು ಎಂಬ ಮಾತಿದೆ. ಅದು ಅರ್ಧ ಸತ್ಯ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರವನ್ನು ಕಟ್ಟಿದ್ದು ನೀರಾವರಿಗೆ ಮತ್ತು ವಿದ್ಯುತ್ತಿಗೆ. ಅದರ ಪೂರ್ಣಮಟ್ಟ 124.80 ಅಡಿ, ಹಿಡಿಯುವ ನೀರು 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್, ದಿನಕ್ಕೆ 8.64 ಟಿಎಂಸಿ. ಅಂಥ ಒಳಹರಿವಿಗೆ ಖಾಲಿ ಜಲಾಶಯವೇ ಆರು ದಿನದೊಳಗೆ ತುಂಬುತ್ತದೆ. ನೆರೆಗೆಂದು ಐದು ಟಿಎಂಸಿ ಖಾಲಿ ಇಟ್ಟುಕೊಂಡರೂ, ಆ ನೀರನ್ನೆಲ್ಲ ತಡೆದು ನಿಲ್ಲಿಸಲು ಹೊರಟರೆ, ಸಿಗುವ ಅವಕಾಶ ಹದಿನಾಲ್ಕು ಗಂಟೆ. 2023ರಂತೆ ಮಳೆ ಕೈಕೊಟ್ಟ ವರ್ಷದಲ್ಲಿ ಆ ಐದು ಟಿಎಂಸಿಗೆ ಮಂಡ್ಯದ ರೈತ ಯಾರನ್ನು ಬೈಯುತ್ತಾನೆಂಬುದು ನಿಮಗೇ ಗೊತ್ತು. ಆದ್ದರಿಂದ ಕೆಳಗಿನ ದಂಡೆ ಆಗಾಗ ಮುಳುಗುತ್ತದೆ ಎಂದುಕೊಂಡೇ ಯೋಜನೆ ಹಾಕಬೇಕು. ನೀರನ್ನು ಸ್ವಲ್ಪ ಮೊದಲೇ, ಹಂತ ಹಂತವಾಗಿ ಬಿಡಿ, ಇಳಿಸುವಾಗಲೂ ಹಂತ ಹಂತವಾಗಿ ಇಳಿಸಿ ಎಂದು ಕೇಳುವುದು ಮಾತ್ರ ನ್ಯಾಯವಾದ ಬೇಡಿಕೆ.

ಹನ್ನೊಂದು ಮನೆಯವರು ಕೂಡಿ ಆರಡಿ ಏರಿ ಹಾಕಿದರೆ, ನಿಮ್ಮ ಗದ್ದೆಯಲ್ಲಿ ಹರಡಿ ನಿಲ್ಲುತ್ತಿದ್ದ ನೀರು ಎದುರು ದಂಡೆಗೂ ಕೆಳಗಿನ ಊರಿಗೂ ಹೋಗುತ್ತದೆ. ಅವರು ಏಳಡಿಯ ಏರಿ ಹಾಕಿದರೆ ನೀವೇನು ಮಾಡುವಿರಿ? ನೆದರ್ಲೆಂಡ್ಸ್‌ನವರು ಈ ಪೈಪೋಟಿಯನ್ನು ನೂರಾರು ವರ್ಷ ಆಡಿದವರು. 1995ರ ನೆರೆಯಲ್ಲಿ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾದ ಮೇಲೆ, ಏರಿಯನ್ನು ಎತ್ತರಿಸುತ್ತಲೇ ಹೋಗುವುದನ್ನು ಬಿಟ್ಟು, ಮೂವತ್ತಕ್ಕೂ ಹೆಚ್ಚು ಕಡೆ ನದಿಗೆ ಜಾಗ ಬಿಡುವ ಕೆಲಸ ಹಿಡಿದರು. ಓವರ್‌ಡೀಪ್ಸೆ ಎಂಬ ತಗ್ಗುಭೂಮಿಯಲ್ಲಿ ಹೈನುಗಾರರೇ ಮುಂದೆ ಬಂದು, ಹೊಳೆಯ ಕಡೆಯ ಏರಿಯನ್ನು ತಗ್ಗಿಸಿ, ಮನೆ ಕೊಟ್ಟಿಗೆಗಳನ್ನು ಎತ್ತರದ ದಿಬ್ಬಗಳ ಮೇಲೆ ಕಟ್ಟುವ ಯೋಜನೆ ಕೊಟ್ಟರು. ದೊಡ್ಡ ನೆರೆಗೆ ಹೊಲ ಮುಳುಗುತ್ತದೆ, ಮನೆ ಮುಳುಗುವುದಿಲ್ಲ. ಅಲ್ಲಿ ಸರ್ಕಾರದ ಹಣವಿತ್ತು, ನಮ್ಮಲ್ಲಿ ಅಷ್ಟಿಲ್ಲ, ನಿಜ. ಏರಿ ಹಿಂದಿರಲಿ, ತಗ್ಗಿರಲಿ ಎಂಬ ತತ್ವಕ್ಕೆ ಮಾತ್ರ ಹೆಚ್ಚು ಹಣ ಬೇಡ. ಇಳಿಜಾರು ಒಂದಡಿ ಎತ್ತರಕ್ಕೆ ಮೂರಡಿಯಷ್ಟು ಇರಲಿ. ಮೊದಲು ಸರ್ವೆ ಮಾಡಿಸಿ, ದಂಡೆಯಲ್ಲಿ ಖರಾಬು (ಸಾಗುವಳಿಗೆ ಸೇರದ ಜಾಗ) ಎಷ್ಟು, ನಿಮ್ಮದೆಷ್ಟು ಎಂದು ಖಚಿತಪಡಿಸಿಕೊಳ್ಳಿ. ಅಪ್ಪಣೆಯಿಲ್ಲದೆ ಹೊಳೆಮತ್ತಿಗೆ ಕೊಡಲಿ ಹಾಕಿದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಕೋರ್ಟು ಅಲೆಯಬೇಕಾದೀತು.

ನಂಜನಗೂಡು ತಾಲ್ಲೂಕಿನ ರೈತ ಮಹಿಳೆಯೊಬ್ಬರ ಉತ್ತರ

ಅಣ್ಣನವರು ಅರವತ್ತಡಿ ಬಿಟ್ಟೆ ಎಂದರು, ಸಂತೋಷ. ನನಗೆ ಕಪಿಲೆಯ ದಂಡೆಯಲ್ಲಿ ಇರುವುದೇ ಇಪ್ಪತ್ತೆಂಟು ಗುಂಟೆ. ಅರವತ್ತಡಿ ಬಿಟ್ಟರೆ ನಾನು ಉಳುವುದೆಲ್ಲಿ? ಹೊಳೆಗೆ ಜಾಗ ಬಿಡಿ ಎನ್ನುವ ಮಾತು ಸಣ್ಣ ಹಿಡುವಳಿಯವರ ಮನೆಬಾಗಿಲಿಗೆ ಬಂದಾಗ ಬೇರೆಯಾಗಿ ಕೇಳಿಸುತ್ತದೆ ಎಂಬುದನ್ನು ಎಂಜಿನಿಯರ್ ಸಾಹೇಬರು ಗಮನಿಸಬೇಕು.

ಆದ್ದರಿಂದ ನಾನು ಬಿಟ್ಟಿಲ್ಲ, ಬೆಳೆ ಬದಲಿಸಿದ್ದೇನೆ. ದಂಡೆಯ ಹದಿನೈದಡಿಗೆ ನೇಪಿಯರ್ ಹುಲ್ಲು ಹಾಕಿದ್ದೇನೆ. ಎರಡು ಹಸುವಿನ ಮೇವು ಅಲ್ಲಿಂದಲೇ ನಡೆಯುತ್ತದೆ, ಮುಳುಗಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಅದರ ಹಿಂದೆ ಭತ್ತ. ಬಾಳೆಯನ್ನು ಮಾತ್ರ ತಗ್ಗಿನಲ್ಲಿ ಹಾಕಬೇಡಿ. ಬುಡದಲ್ಲಿ ಎರಡು ಮೂರು ದಿನ ನೀರು ನಿಂತರೆ ಗೊನೆಯ ಆಸೆ ಬಿಡಬೇಕು. ಎರಡು ವಾರದವರೆಗೆ ಮುಳುಗಿದರೂ ತಾಳಿಕೊಳ್ಳುವ ಸ್ವರ್ಣ ಸಬ್-1 ಎಂಬ ಭತ್ತದ ತಳಿಯಿದೆ. ಅದು ನಿಮ್ಮ ಗದ್ದೆಗೆ ಹೊಂದುತ್ತದೆಯೇ ಎಂದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಚಾರಿಸಿ.

ಪರಿಹಾರದ ವಿಷಯದಲ್ಲಿ ನನ್ನಂತೆ ಮೋಸಹೋಗಬೇಡಿ. 2019ರಲ್ಲಿ ನೀರು ಇಳಿದ ಮೇಲೆ ನಾನು ಗದ್ದೆಯನ್ನು ಚೊಕ್ಕಟ ಮಾಡಿ ಅರ್ಜಿ ಕೊಟ್ಟೆ. ಹಾಳಾದ ಬೆಳೆ ಎಲ್ಲಿ ಎಂದು ಕಚೇರಿಯವರು ಕೇಳಿದರೆ ತೋರಿಸಲು ಏನೂ ಇರಲಿಲ್ಲ. 2022ರಿಂದ ಜಾರಿಯಾದ ವಿಪತ್ತು ಪರಿಹಾರ ಮಾನದಂಡದಲ್ಲಿ ಬೆಳೆ ಕನಿಷ್ಠ ಶೇ 33ರಷ್ಟು ಹಾಳಾಗಿರಬೇಕು ಎಂದಿತ್ತು, ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ. ಮೂರು ಅಂಗುಲಕ್ಕಿಂತ ದಪ್ಪ ಹೂಳು ಬಿದ್ದಿದ್ದರೆ ತೆಗೆಸಲು ಬೇರೆ ಸಹಾಯಧನವಿತ್ತು. ಅದು ಹೆಚ್ಚಿನವರಿಗೆ ತಿಳಿಯದು. ಹೂಳಿನಲ್ಲಿ ಅಳತೆಪಟ್ಟಿ ನೆಟ್ಟು, ತೆಂಗಿನಮರದ ಮೇಲಿನ ನೀರಿನ ಗುರುತೂ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಪಂಪ್‌ಸೆಟ್ ಮೋಟಾರನ್ನು ಬಿಚ್ಚಿ ತರುವ ಸಮಯ ತಿಳಿಯಲು ನಮಗೆ ನಂಜನಗೂಡಿನ ಹದಿನಾರು ಕಾಲಿನ ಮಂಟಪವೇ ಅಳತೆಗೋಲು, ನಿಮಗೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಇದೆ.

ಹಕ್ಕಿ ವೀಕ್ಷಣೆಯ ಹವ್ಯಾಸವಿರುವ ಮೈಸೂರಿನ ಶಿಕ್ಷಕರೊಬ್ಬರ ಉತ್ತರ

ನಿಮ್ಮ ಮಗಳ ಪರವಾಗಿ ಎರಡು ಮಾತು, ಅವಳಿಗೆ ಹಿಡಿಸದಿರಬಹುದಾದ ಒಂದು ಮಾತು. ನಿಮ್ಮಿಂದ ಮೇಲೆಯೇ ಇರುವ ರಂಗನತಿಟ್ಟು, ಅಣೆಕಟ್ಟಿನಿಂದ ಮೂಡಿದ ನಡುಗಡ್ಡೆಗಳ ಗುಂಪು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಾವು ಸಹಜವೆಂದು ಮೆಚ್ಚುವ ಆ ತಾಣ, ಬೇಸಾಯಕ್ಕೆಂದು ಹೊಳೆಗೆ ಅಡ್ಡ ಹಾಕಿದ ಕಟ್ಟಡದ ಫಲ. ಆದ್ದರಿಂದ ರೈತನ ಕೈ ಸೋಕಿದ ಹೊಳೆ ಕೆಟ್ಟೇ ಹೋಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ನೆರೆ ಬಂದಾಗ ಆ ನಡುಗಡ್ಡೆಗಳೂ ಕೊರೆದುಹೋಗುತ್ತವೆ, ಅರಣ್ಯ ಇಲಾಖೆಯವರು ಮರಳಿನ ಚೀಲ ಜೋಡಿಸಿ ಅವುಗಳನ್ನು ಉಳಿಸಿಕೊಳ್ಳುತ್ತಾರೆ. ಅಲ್ಲಿಗೆ ಬರುವ ಬಣ್ಣದ ಕೊಕ್ಕರೆ ಮೀನು ಹುಡುಕಿಕೊಂಡು ನಿಮ್ಮಂಥವರ ಗದ್ದೆಗೂ ಜೊಂಡಿಗೂ ಬರುತ್ತದೆ. ದಂಡೆಯ ಉದ್ದಕ್ಕೂ ಬರೀ ಮಣ್ಣಿನ ಗೋಡೆಯಾದರೆ ನೀರುನಾಯಿಗೆ ಹತ್ತಿ ಇಳಿಯಲೂ ಜಾಗವಿರುವುದಿಲ್ಲ.

ಹಿಡಿಸದ ಮಾತೆಂದರೆ, ಎಲ್ಲ ಹಸಿರೂ ಉಳಿಸತಕ್ಕದ್ದಲ್ಲ. ಬಸಿಗಾಲುವೆಯ ಬಾಯಿಗೆ ಹೆಣೆದುಕೊಂಡ ಅಂತರಗಂಗೆ ಕಳೆಯನ್ನು ತೆಗೆಯದಿದ್ದರೆ ಎಂಥ ತೂಬಿಟ್ಟರೂ ಒಳನೀರು ಹೋಗದು. ಹೊಳೆಯ ನಡುವೆ ಬೆಳೆದ ಪೊದೆಗಳು ನೀರಿಗೆ ಅಡ್ಡ ನಿಂತು ಮಟ್ಟ ಏರಿಸುತ್ತವೆ. ಜೊಂಡನ್ನು ಕುಯ್ಯುವುದಿದ್ದರೆ ಒಂದೇ ಸಲ ಬೋಳಿಸದೆ ಒಂದು ವರ್ಷ ಒಂದು ತುಂಡು, ಮರುವರ್ಷ ಮತ್ತೊಂದು ತುಂಡು ಕುಯ್ಯಿರಿ. ಮತ್ತೆ, ಪೊದೆ ಬೆಳೆದ ದಂಡೆಗೆ ಮೊಸಳೆಯೂ ಬಂದು ಮಲಗುತ್ತದೆ. ಬಟ್ಟೆ ಒಗೆಯುವ, ದನ ಮೈತೊಳೆಯುವ ಕಡವಿನ ಎರಡೂ ಬದಿಯಲ್ಲಿ ಕಣ್ಣಿಗೆ ಬಯಲಾಗುವಷ್ಟು ಜಾಗವನ್ನು ತೆರೆದಿಡಬೇಕು.

ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಹನ್ನೊಂದು ಮನೆಯವರೂ ಅರಳಿಕಟ್ಟೆಯಲ್ಲಿ ಸೇರಿದ್ದೆವು. ಅರಕೆರೆಯವರ ಒಟ್ಲಿನ ಕಥೆಯನ್ನು ಓದಿಹೇಳಿದ ಮೇಲೆ, ದಂಡೆಯ ಅಂಚಿಗೆ ಏರಿ ಹಾಕುವ ಮಾತನ್ನು ಎಂಟು ಮಂದಿ ಕೈಬಿಟ್ಟರು. ಉಳಿದ ಮೂವರ ಜಮೀನು ಅರ್ಧ ಎಕರೆಗೂ ಕಡಿಮೆ. ನಂಜನಗೂಡಿನ ಅಕ್ಕನವರು ಎತ್ತಿದ ಪ್ರಶ್ನೆಯನ್ನೇ ಅವರೂ ಎತ್ತಿದರು. ಹಿಂದೆ ಸರಿಸಿದ ಏರಿಯ ಹೊರಗೆ ಉಳಿಯುವ ಅವರ ಗುಂಟೆಗಳಲ್ಲಿ ಅವರೇ ಹುಲ್ಲು ಬೆಳೆದುಕೊಳ್ಳುವುದು, ಏರಿಯ ಮತ್ತು ತೂಬಿನ ಖರ್ಚನ್ನು ಅವರಿಂದ ಪಡೆಯದೆ ಉಳಿದವರೇ ಹಂಚಿಕೊಳ್ಳುವುದು ಎಂಬಲ್ಲಿಗೆ ಮಾತು ಬಂದು ನಿಂತಿದೆ. ಇಬ್ಬರು ಒಪ್ಪಿದ್ದಾರೆ, ಮೂರನೆಯವರು ಸರ್ವೆ ಆಗಲಿ ನೋಡೋಣ ಎಂದಿದ್ದಾರೆ. ಸರ್ವೆಗೆ ಅರ್ಜಿ ಕೊಟ್ಟಿದ್ದೇವೆ. ಅಷ್ಟರೊಳಗೆ 2024ರ ನೀರು ತೆಂಗಿನಮರಗಳ ಮೇಲೆ ಬಿಟ್ಟ ಕೆಸರಿನ ಗೆರೆಯನ್ನು ಮಗಳು ಸುಣ್ಣದಿಂದ ಗುರುತು ಮಾಡಿದ್ದಾಳೆ. ಅತಿ ತಗ್ಗಿನ ಮೂಲೆಯ ಮರದಲ್ಲಿ ಅದು ನನ್ನ ಎದೆಯ ಮಟ್ಟಕ್ಕಿದೆ. ತೂಬು ಅಲ್ಲಿಯೇ ಬರಬೇಕು.